ಹತೋಟಿಯಲ್ಲಿರುವುದು ವೈರಸ್, ಬಿ.ಪಿ. ಅಲ್ಲ

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಉತ್ತರ ತುದಿಯಲ್ಲಿ ಉಮ್ಖನ್ಯಾಕುಡೆ ಎಂಬ ಬಡ, ಗ್ರಾಮೀಣ ಜಿಲ್ಲೆಯಿದೆ. 2018-19ರಲ್ಲಿ ಅಲ್ಲಿ 'ವುಕುಜಾಜಿ' ಎಂಬ ಆರೋಗ್ಯ ಸಮೀಕ್ಷೆ ನಡೆಯಿತು. ಸಂಚಾರಿ ಶಿಬಿರಗಳು ಊರೂರಿಗೆ ಹೋಗಿ 15 ವರ್ಷ ದಾಟಿದ 17,118 ಜನರಿಗೆ ಎಚ್‌ಐವಿ, ಕ್ಷಯ, ರಕ್ತದೊತ್ತಡ, ಸಕ್ಕರೆ ನಾಲ್ಕನ್ನೂ ಒಂದೇ ಕಡೆ ಪರೀಕ್ಷಿಸಿದವು. ಶೇ. 34ರಷ್ಟು ಮಂದಿಗೆ, ಅಂದರೆ ಮೂವರಲ್ಲಿ ಒಬ್ಬರಿಗೆ, ಎಚ್‌ಐವಿ ಇತ್ತು. ಎದೆ ಧಸಕ್ಕೆನ್ನುವ ಸಂಖ್ಯೆ. ಆದರೆ ವೈದ್ಯರನ್ನು ಯೋಚನೆಗೆ ಹಚ್ಚಿದ್ದು ಬೇರೆಯೇ ಸಂಗತಿ. ಎಚ್‌ಐವಿ ಇದ್ದವರಲ್ಲಿ ಹೆಚ್ಚಿನವರು ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅವರ ರಕ್ತದಲ್ಲಿ ವೈರಸ್ ಅಡಗಿ ಕೂತಿತ್ತು. ಬಿ.ಪಿ., ಶುಗರ್ ಇದ್ದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಹತೋಟಿಯಲ್ಲಿರಲಿಲ್ಲ. ಎಷ್ಟೋ ಜನರಿಗೆ ಅದು ಇದೆಯೆಂದೇ ತಿಳಿದಿರಲಿಲ್ಲ.

ಮಹಾಮಾರಿ ಎಂದು ಹೆಸರಾದದ್ದು ಪಳಗಿತ್ತು, ಮಾಮೂಲಿ ಎಂದು ನಾವು ಕಡೆಗಣಿಸುವವು ಕೈಮೀರಿದ್ದವು. ಕಾರಣ ತೀರಾ ಗುಟ್ಟಿನದೇನಲ್ಲ. ಎಚ್‌ಐವಿ ಮಾತ್ರೆಯ ಹಿಂದೆ ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಒಂದು ಏರ್ಪಾಡಿದೆ: ಪ್ರತಿಯೊಬ್ಬರ ಹೆಸರಿಗೊಂದು ಕಾರ್ಡು, ಬಾರದವರನ್ನು ವಿಚಾರಿಸುವ ಸಿಬ್ಬಂದಿ, ಮಾತ್ರೆ ಮುಗಿಯುವ ಮೊದಲೇ ಬರುವ ಸರಬರಾಜು, ಪೂರ್ತಿ ಉಚಿತ. ಬಿ.ಪಿ. ಮಾತ್ರೆಯ ಹಿಂದೆ ಇಂಥ ಏರ್ಪಾಡಿಲ್ಲ. ಹಾಗಾದರೆ ಎಚ್‌ಐವಿ ಕ್ಲಿನಿಕ್‌ನಲ್ಲೇ ಬಿ.ಪಿ., ಶುಗರ್ ನೋಡಿದರೆ ಆಗದೇ? ಈ ಪ್ರಶ್ನೆ ಎದ್ದ ಕಡೆಯಲ್ಲೆಲ್ಲ ಒಂದಷ್ಟು ತಪ್ಪು ಕಲ್ಪನೆಗಳೂ ಎದ್ದಿವೆ. ಕೆಲವು ರೋಗಿಗಳವು, ಕೆಲವು ವೈದ್ಯರವು. ಹಟಮಾರಿಯಾದವು ಹೆಚ್ಚಾಗಿ ಅಧಿಕಾರಿಗಳವು.

ತಪ್ಪು ಕಲ್ಪನೆ: ಎಚ್‌ಐವಿ ಇರುವವರಿಗೆ ಬಿ.ಪಿ.ಯ ಚಿಂತೆ ಯಾಕೆ?

ಪರಿಣಾಮಕಾರಿ ಚಿಕಿತ್ಸೆಯಿಲ್ಲದ 1995ರಲ್ಲಿ ಈ ಮಾತಿಗೆ ಅರ್ಥವಿತ್ತು. 2024ರ ಕೊನೆಗೆ ಜಗತ್ತಿನಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದವರು ಸುಮಾರು 4.08 ಕೋಟಿ. ಅವರಲ್ಲಿ 3.16 ಕೋಟಿ ಮಂದಿ ಚಿಕಿತ್ಸೆಯಲ್ಲಿದ್ದರು. ಭಾರತದಲ್ಲಿ ಉಚಿತ ಎಚ್‌ಐವಿ ಚಿಕಿತ್ಸೆ (ಎಆರ್‌ಟಿ) ಶುರುವಾದದ್ದು 2004ರ ಏಪ್ರಿಲ್ 1ರಂದು. ಅಂದು ಮೂವತ್ತರ ವಯಸ್ಸಿನಲ್ಲಿ ಮೊದಲ ಮಾತ್ರೆ ನುಂಗಿದವರು ಇಂದು ಐವತ್ತು ದಾಟಿದ್ದಾರೆ, ಐವತ್ತರಲ್ಲಿ ಎಲ್ಲರಿಗೂ ಬರುವುದೇ ಅವರಿಗೂ ಬರುತ್ತಿದೆ. ಅದೂ ಒಂದು ಪಟ್ಟು ಹೆಚ್ಚಾಗಿ: ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಎಚ್‌ಐವಿ ಇರುವವರಿಗೆ ಹೃದಯ, ರಕ್ತನಾಳಗಳ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡರಷ್ಟು.

ತಪ್ಪು ಕಲ್ಪನೆ: ಇದೆಲ್ಲ ಎಚ್‌ಐವಿ ಮಾತ್ರೆಯ ಕಾಟ, ಬಿಟ್ಟರೆ ಸರಿಹೋಗುತ್ತದೆ

ಇದು ಅಪಾಯದ ಕಲ್ಪನೆ, ಏಕೆಂದರೆ ಇದರಲ್ಲಿ ಒಂದು ಪಾಲು ನಿಜವಿದೆ. ಹಳೆಯ ಸ್ಟಾವುಡಿನ್ ಮಾತ್ರೆ ತೆಗೆದುಕೊಂಡವರ ಕೆನ್ನೆ ಗುಳಿಬಿದ್ದು, ಕೈಕಾಲು ಸೊರಗಿ, ಹೊಟ್ಟೆ ಮುಂದೆ ಬಂದದ್ದನ್ನು ಆ ಕಾಲದ ರೋಗಿಗಳು ಮರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅದನ್ನು ಕೈಬಿಡಲು ಹೇಳಿತು. ಲೊಪಿನಾವಿರ್‌ನಂಥ ಮಾತ್ರೆಗಳು ಕೊಲೆಸ್ಟ್ರಾಲ್ ಏರಿಸುತ್ತವೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಡೊಲುಟೆಗ್ರಾವಿರ್‌ನಿಂದ ತೂಕ ಏರುವುದೂ ಕ್ಯಾಮರೂನ್ ಮತ್ತು ದಕ್ಷಿಣ ಆಫ್ರಿಕಾದ ಪ್ರಯೋಗಗಳಲ್ಲಿ ಕಂಡುಬಂದಿದೆ.

ಆದರೆ ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿ ನೋಡಲಾಗಿದೆ. 'ಸ್ಮಾರ್ಟ್' ಎಂಬ ಹೆಸರಿನ ಆ ಪ್ರಯೋಗದಲ್ಲಿ 33 ದೇಶಗಳ 5,472 ಜನರಿದ್ದರು. ಒಂದು ಗುಂಪಿಗೆ ಎಡೆಬಿಡದೆ ಮಾತ್ರೆ. ಇನ್ನೊಂದು ಗುಂಪಿಗೆ ರೋಗನಿರೋಧಕ ಕಣಗಳ ಎಣಿಕೆ ಚೆನ್ನಾಗಿರುವವರೆಗೂ ಬಿಡುವು, ಕುಸಿದಾಗ ಮಾತ್ರ ಮಾತ್ರೆ. ಔಷಧಿ ಕಡಿಮೆಯಾದರೆ ಹೃದಯ, ಲಿವರ್, ಕಿಡ್ನಿಗಳ ಮೇಲಿನ ಹೊರೆಯೂ ಇಳಿಯಬಹುದು ಎಂಬ ನಿರೀಕ್ಷೆಯಿತ್ತು. ಆದದ್ದು ತಿರುಗುಮುರುಗು. ಬಿಡುವು ಕೊಟ್ಟವರಲ್ಲೇ ಹೃದಯ, ಲಿವರ್, ಕಿಡ್ನಿಯ ಗಂಭೀರ ತೊಂದರೆಗಳು ಸುಮಾರು 1.7 ಪಟ್ಟು ಹೆಚ್ಚು ಕಂಡುಬಂದವು, ಸಾವುಗಳೂ ಹೆಚ್ಚಿದವು. 2006ರ ಜನವರಿಯಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಲಾಯಿತು. ತಡೆಯಿಲ್ಲದ ವೈರಸ್ ದೇಹದೊಳಗೆ ಸದಾ ಉರಿಯೂತ ಎಬ್ಬಿಸುತ್ತಿರುತ್ತದೆ, ರಕ್ತನಾಳದ ಒಳಪದರಕ್ಕೆ ಆ ಉರಿಯೂತ ಮಾಡುವ ಹಾನಿ ಮಾತ್ರೆ ಮಾಡುವುದಕ್ಕಿಂತ ದೊಡ್ಡದು.

ವೈರಸ್ ಪೂರ್ತಿ ಅಡಗಿದ ಮೇಲೂ ಈ ಉರಿಯೂತ ಸ್ವಲ್ಪ ಉಳಿದುಕೊಳ್ಳುತ್ತದೆ. ಅದಕ್ಕೆಂದೇ ಭಾರತವೂ ಸೇರಿ 12 ದೇಶಗಳಲ್ಲಿ 7,769 ಜನರಿಗೆ, ಎಆರ್‌ಟಿಯನ್ನು ಬಿಡಿಸದೆ, ಅದರ ಜೊತೆಗೆ ಪಿಟಾವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಅಥವಾ ಹುಸಿಮಾತ್ರೆ ಕೊಟ್ಟು ನೋಡಲಾಯಿತು. 2023ರಲ್ಲಿ ಬಂದ ಫಲಿತಾಂಶ: ನಿಜವಾದ ಮಾತ್ರೆ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಪತ್ತುಗಳು ಶೇ. 35ರಷ್ಟು ಕಡಿಮೆ. ಅಂದರೆ ಪರಿಹಾರ ಇರುವುದು ಮಾತ್ರೆ ಬಿಡುವುದರಲ್ಲಲ್ಲ, ಇನ್ನೊಂದನ್ನು ಸೇರಿಸುವುದರಲ್ಲಿ. ಇದನ್ನು ಐವತ್ತರ ರೋಗಿಯೊಬ್ಬರಿಗೆ ಒಪ್ಪಿಸುವುದು ಸುಲಭವಲ್ಲ. ದಿನಕ್ಕೊಂದು ನುಂಗಿಯೇ ಅವರಿಗೆ ಸಾಕಾಗಿರುತ್ತದೆ.

ತಪ್ಪು ಕಲ್ಪನೆ: ಎಲ್ಲವನ್ನೂ ತಂದು ಸುರಿದರೆ ಎಚ್‌ಐವಿ ಚಿಕಿತ್ಸೆಯೇ ಹಾಳಾಗುತ್ತದೆ

ಎಚ್‌ಐವಿ ಕಾರ್ಯಕ್ರಮ ನಡೆಸುವವರ ದೊಡ್ಡ ಅಂಜಿಕೆ ಇದು. ಕಷ್ಟಪಟ್ಟು ಕಟ್ಟಿದ ಕ್ಲಿನಿಕ್‌ಗೆ ಬಿ.ಪಿ.ಯವರ ದಂಡು ನುಗ್ಗಿದರೆ ನರ್ಸುಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ, ಸಾಲು ಬೆಳೆಯುತ್ತದೆ, ಎಚ್‌ಐವಿ ರೋಗಿಗಳು ಬೇಸತ್ತು ಬಿಟ್ಟುಹೋಗುತ್ತಾರೆ ಎಂಬ ಲೆಕ್ಕ. ಅಂಜಿಕೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದಕ್ಕೆ ಉತ್ತರ ಸಿಕ್ಕಿದೆ.

ಟಾಂಜಾನಿಯಾ ಮತ್ತು ಉಗಾಂಡದ 32 ಆರೋಗ್ಯ ಕೇಂದ್ರಗಳಲ್ಲಿ 'ಇಂಟೆ-ಆಫ್ರಿಕಾ' ಎಂಬ ಪ್ರಯೋಗ ನಡೆದು, ಅದರ ಫಲಿತಾಂಶ 2023ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಕೇಂದ್ರಗಳಲ್ಲಿ ಮೊದಲಿನಂತೆಯೇ ಎಚ್‌ಐವಿಗೊಂದು, ಬಿ.ಪಿ.ಗೊಂದು, ಶುಗರ್‌ಗೊಂದು ಕ್ಲಿನಿಕ್. ಉಳಿದ ಕಡೆ ಮೂರೂ ಒಂದೇ: ಒಂದೇ ನೋಂದಣಿ, ಕಾಯಲು ಒಂದೇ ಜಾಗ, ಅದೇ ವೈದ್ಯರು, ಅದೇ ಔಷಧಿ ಕಿಟಕಿ. ವರ್ಷದ ಕೊನೆಗೆ, ಕೂಡಿಸಿದ ಕ್ಲಿನಿಕ್‌ಗಳಲ್ಲಿ ಎಚ್‌ಐವಿ ಇದ್ದವರ ಪೈಕಿ ವೈರಸ್ ಹತೋಟಿಯಲ್ಲಿದ್ದವರು ಶೇ. 97. ಬೇರೆಬೇರೆ ಇಟ್ಟ ಕಡೆ ಶೇ. 97.3. ಹಾಳಾಗುತ್ತದೆ ಎಂದು ಹೆದರಿದ್ದು ಹಾಳಾಗಲಿಲ್ಲ.

ಇದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಕೂಡಿಸುವ ಪರವಾಗಿ ಮಾತಾಡುವವರು ಮೆಲ್ಲಗೆ ಓದುತ್ತಾರೆ. ಬಿ.ಪಿ., ಶುಗರ್ ಇದ್ದವರಲ್ಲಿ ವರ್ಷದ ಕೊನೆಗೂ ಚಿಕಿತ್ಸೆಯಲ್ಲಿ ಉಳಿದವರು ಕೂಡಿಸಿದ ಕಡೆ ಶೇ. 89, ಕೂಡಿಸದ ಕಡೆ ಶೇ. 89.8. ಅಂದರೆ ಇದು ಮಾಯಾಮಂತ್ರವೂ ಅಲ್ಲ. ರೋಗಿಗೆ ಎರಡನೇ ಬಾರಿಯ ಬಸ್ ಚಾರ್ಜು, ಎರಡನೇ ದಿನದ ಕೂಲಿ ಉಳಿಯುತ್ತದೆ, ಆಸ್ಪತ್ರೆಗೆ ಎರಡು ವ್ಯವಸ್ಥೆ ನಡೆಸುವ ದಂದುಗ ತಪ್ಪುತ್ತದೆ. ನನ್ನ ಪಾಲಿಗೆ ಇಷ್ಟೇ ಕಾರಣ ಸಾಕು. ಪವಾಡ ಬೇಕಿದ್ದವರಿಗೆ ನಿರಾಸೆಯಾಗಬಹುದು.

ತಪ್ಪು ಕಲ್ಪನೆ: ಬಿ.ಪಿ. ರೋಗಿಗಳು ಎಚ್‌ಐವಿ ಬಾಗಿಲಿಗೆ ಕಾಲಿಡುವುದಿಲ್ಲ

ಯಾರಾದರೂ ನೋಡಿದರೆ ಏನು ತಿಳಿದುಕೊಂಡಾರು ಎಂಬ ಅಳುಕು ನಿಜ. ಹಾಗೆಂದು ಜನ ಬರುವುದೇ ಇಲ್ಲ ಎಂಬುದು ನಿಜವಲ್ಲ. ಕಾಂಬೋಡಿಯಾದ ಸೀಮ್ ರೀಪ್ ಮತ್ತು ಟಾಕೆಯೊದಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ 2002ರಲ್ಲೇ ಎಚ್‌ಐವಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೂರಕ್ಕೂ ಸೇರಿ ಕ್ಲಿನಿಕ್ ತೆರೆಯಿತು. ಅದರ ಹೆಸರಿನಲ್ಲಿ ಎಚ್‌ಐವಿ ಇರಲಿಲ್ಲ, 'ದೀರ್ಘಕಾಲದ ಕಾಯಿಲೆಗಳ ಕ್ಲಿನಿಕ್' ಎಂದಷ್ಟೇ. ಮಲಾವಿಯ ನೆನೊ ಎಂಬ ಹಳ್ಳಿಗಾಡು ಜಿಲ್ಲೆಯಲ್ಲಿ 2015ರಿಂದ ಎಚ್‌ಐವಿ, ಬಿ.ಪಿ., ಸಕ್ಕರೆಯ ಜೊತೆಗೆ ಆಸ್ತಮಾ, ಮೂರ್ಛೆರೋಗವನ್ನೂ ಒಂದೇ ಕ್ಲಿನಿಕ್‌ನಲ್ಲಿ ನೋಡುತ್ತಾರೆ. ಬೆಂಚಿನ ಮೇಲೆ ಕೂತ ಹತ್ತು ಜನರಲ್ಲಿ ಯಾರು ಯಾವುದಕ್ಕೆ ಬಂದಿದ್ದಾರೆಂದು ಹೇಳಲಾಗದಿದ್ದರೆ ಪಿಸುಮಾತಿಗೆ ಸರಕೇ ಇರುವುದಿಲ್ಲ.

ಬಾಗಿಲನ್ನು ಇನ್ನೊಂದು ಕಡೆಯಿಂದಲೂ ತೆರೆಯಬಹುದು. ಉಗಾಂಡ ಮತ್ತು ಕೆನ್ಯಾದ 32 ಗ್ರಾಮೀಣ ಸಮುದಾಯಗಳಲ್ಲಿ 2013ರಿಂದ ನಡೆದ 'ಸರ್ಚ್' ಪ್ರಯೋಗದಲ್ಲಿ ಆರೋಗ್ಯ ಮೇಳ ಹಾಕಿ ಬಿ.ಪಿ., ಶುಗರ್, ಎಚ್‌ಐವಿ ಎಲ್ಲವನ್ನೂ ಪರೀಕ್ಷಿಸಿದರು. ಎಚ್‌ಐವಿ ಪರೀಕ್ಷೆಗೆ ಬನ್ನಿ ಎಂದರೆ ಮುಖ ತಿರುಗಿಸುವ ಗಂಡಸೂ ಬಿ.ಪಿ. ನೋಡುತ್ತೇವೆ ಬನ್ನಿ ಎಂದರೆ ತೋಳು ಚಾಚುತ್ತಾನೆ. ಚಿಕಿತ್ಸೆಯನ್ನೂ ಕೂಡಿಸಿ ಕೊಟ್ಟ ಊರುಗಳಲ್ಲಿ ಮೂರು ವರ್ಷದ ಬಳಿಕ ರಕ್ತದೊತ್ತಡ ಇದ್ದವರ ಪೈಕಿ ಶೇ. 47 ಮಂದಿಯಲ್ಲಿ ಅದು ಹತೋಟಿಗೆ ಬಂದಿತ್ತು. ಉಳಿದ ಊರುಗಳಲ್ಲಿ ಶೇ. 37.

ತಪ್ಪು ಕಲ್ಪನೆ: ಇದಕ್ಕೆಲ್ಲ ಸ್ಪೆಷಲಿಸ್ಟ್‌ಗಳು ಬೇಕು

ಬೇಕಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2010ರಿಂದಲೇ ತರಬೇತಾದ ನರ್ಸುಗಳು ಎಚ್‌ಐವಿ ಚಿಕಿತ್ಸೆ ಶುರುಮಾಡುತ್ತಿದ್ದಾರೆ. ಬಿ.ಪಿ. ಮಾತ್ರೆಯಾದ ಅಮ್ಲೊಡಿಪಿನ್ ಬರೆಯುವುದು ಅದಕ್ಕಿಂತ ಕಷ್ಟದ್ದಲ್ಲ. ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ 2013-14ರಲ್ಲಿ ನರ್ಸುಗಳೇ ಮಾತ್ರೆ ಗುಂಪುಗಳನ್ನು ನಡೆಸಿದರು. ಕಾಯಿಲೆ ಹತೋಟಿಯಲ್ಲಿರುವವರು ಮೂರು ತಿಂಗಳಿಗೊಮ್ಮೆ ಸೇರುವುದು, ತೂಕ ಮತ್ತು ಬಿ.ಪಿ. ನೋಡಿಸಿಕೊಳ್ಳುವುದು, ಮಾತ್ರೆಯ ಪೊಟ್ಟಣ ಹಿಡಿದು ಹೊರಡುವುದು. 47 ಗುಂಪುಗಳಲ್ಲಿ 1,432 ಜನ. ಅವರಲ್ಲಿ ಶೇ. 71 ಎಚ್‌ಐವಿಯವರು, ಉಳಿದವರು ಬಿ.ಪಿ., ಶುಗರ್‌ನವರು. ಎಲ್ಲರೂ ಒಂದೇ ಗುಂಪಿನಲ್ಲಿ ಬೆರೆತೇ ಕೂರುತ್ತಿದ್ದರು.

ತಪ್ಪು ಕಲ್ಪನೆ: ಒಂದು ಬಿ.ಪಿ. ಮಷಿನ್, ಒಂದು ಗ್ಲುಕೋಮೀಟರ್ ಇಟ್ಟರೆ ಆಯಿತು

ಯೋಜನೆಗಳು ಮುಗ್ಗರಿಸುವುದು ಇಲ್ಲಿ. ಉದ್ಘಾಟನೆಯ ಫೋಟೋದಲ್ಲಿ ಮಷಿನ್ ಇರುತ್ತದೆ. ಆರು ತಿಂಗಳು ಕಳೆದರೆ ಅದರ ಬ್ಯಾಟರಿ ಇರುವುದಿಲ್ಲ, ಗ್ಲುಕೋಮೀಟರ್‌ಗೆ ಪಟ್ಟಿ ಇರುವುದಿಲ್ಲ. ತೋಳಿಗೆ ಸುತ್ತುವ ಪಟ್ಟಿ ಒಂದೇ ಅಳತೆಯದು, ದಪ್ಪ ತೋಳಿನವರಿಗೆ ಅದನ್ನೇ ಬಿಗಿದರೆ ಇಲ್ಲದ ಬಿ.ಪಿ. ಕಾಣಿಸುತ್ತದೆ. ಇಷ್ಟಾದರೂ ಹೇಗೋ ಸಂಭಾಳಿಸಬಹುದು. ಅಳೆದ ಮೇಲೆ ಕೊಡಲು ಮಾತ್ರೆಯೇ ಇಲ್ಲದಿದ್ದರೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಆಫ್ರಿಕಾದ ಬಹಳಷ್ಟು ಸರ್ಕಾರಿ ಕೇಂದ್ರಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಎಚ್‌ಐವಿ ಮಾತ್ರೆಯ ಕಪಾಟು ತುಂಬಿರುತ್ತದೆ, ಬಿ.ಪಿ. ಮಾತ್ರೆಯ ಕಪಾಟು ಖಾಲಿ. ಬೆಲೆಯ ಮೇಲೆ ನೋಡಿದರೆ ಇದು ಹಿಂದುಮುಂದಾಗಬೇಕಿತ್ತು. 2000ದ ಆಸುಪಾಸಿನಲ್ಲಿ ಒಬ್ಬ ರೋಗಿಯ ಎಚ್‌ಐವಿ ಔಷಧಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿತ್ತು. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ 350 ಡಾಲರ್‌ಗೆ ಕೊಡುತ್ತೇನೆಂದಾಗ ಜಗತ್ತು ಹುಬ್ಬೇರಿಸಿತು. ಬೆಂಗಳೂರಿನ ಸ್ಟ್ರೈಡ್ಸ್ ಸೇರಿದಂತೆ ಭಾರತದ ಹಲವು ಕಂಪನಿಗಳು ಇಂದು ಈ ಮಾತ್ರೆಗಳನ್ನು ತಯಾರಿಸುತ್ತವೆ. ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಮಾತ್ರೆಯಲ್ಲಿರುವ 'ಟಿಎಲ್‌ಡಿ'ಯನ್ನು ಅಂತರರಾಷ್ಟ್ರೀಯ ನೆರವು ಸಂಸ್ಥೆಯಾದ 'ಗ್ಲೋಬಲ್ ಫಂಡ್' 2023ರಲ್ಲಿ ವರ್ಷಕ್ಕೆ 45 ಡಾಲರ್‌ಗಿಂತ ಕಡಿಮೆಗೆ ಕೊಳ್ಳತೊಡಗಿತು. ಅಮ್ಲೊಡಿಪಿನ್ ಇದಕ್ಕಿಂತಲೂ ಎಷ್ಟೋ ಅಗ್ಗ. ನಮ್ಮ ಜನೌಷಧಿ ಅಂಗಡಿಯಲ್ಲಿ ಒಂದು ಮಾತ್ರೆ ಒಂದು ರೂಪಾಯಿಗೂ ಒಳಗೆ ಸಿಗುತ್ತದೆ.

ಹಾಗಿದ್ದೂ ಕಪಾಟು ಖಾಲಿ ಏಕೆ? ಎಚ್‌ಐವಿ ಮಾತ್ರೆಗೆ ವರ್ಷಕ್ಕೆ ಎಷ್ಟು ಬೇಕೆಂದು ರೋಗಿಗಳ ತಲೆಯೆಣಿಕೆಯಿಂದ ಲೆಕ್ಕ ಹಾಕುತ್ತಾರೆ, ಹಲವು ದೇಶಗಳ ಬೇಡಿಕೆ ಒಟ್ಟುಗೂಡಿಸಿ ಕೊಳ್ಳುತ್ತಾರೆ, ಹಣ ಗ್ಲೋಬಲ್ ಫಂಡ್‌ನಿಂದಲೋ ಅಮೆರಿಕದ ಎಚ್‌ಐವಿ ನೆರವು ಯೋಜನೆಯಾದ 'ಪೆಪ್‌ಫಾರ್'ನಿಂದಲೋ ಬರುತ್ತದೆ. ಬಿ.ಪಿ. ಮಾತ್ರೆ ಬರಬೇಕಾದ್ದು ಆರೋಗ್ಯ ಇಲಾಖೆಯ ಸಾಮಾನ್ಯ ಬಜೆಟ್ಟಿನಿಂದ. ಅಲ್ಲಿ ಎಷ್ಟು ರೋಗಿಗಳಿದ್ದಾರೆಂಬ ಪಟ್ಟಿಯೇ ಇಲ್ಲ, ಹೋದ ವರ್ಷ ತರಿಸಿದ್ದಕ್ಕೆ ಸ್ವಲ್ಪ ಕೂಡಿಸಿ ಇಂಡೆಂಟ್ ಹಾಕುತ್ತಾರೆ. ಹೋದ ವರ್ಷವೂ ಕೊರತೆಯಿದ್ದರೆ ಕೊರತೆಯೇ ಅಳತೆಗೋಲು. ರೋಗಿ ಹೊರಗಿನ ಅಂಗಡಿಗೆ ಹೋಗುತ್ತಾನೆ, ದುಡ್ಡಿದ್ದ ತಿಂಗಳು ಕೊಳ್ಳುತ್ತಾನೆ, ಇಲ್ಲದ ತಿಂಗಳು ಬಿಡುತ್ತಾನೆ. ಪಶ್ಚಿಮ ಕೆನ್ಯಾದ ಎಲ್ಡೊರೆಟ್‌ನಲ್ಲಿ 2001ರಲ್ಲಿ ಎಚ್‌ಐವಿ ಕಾರ್ಯಕ್ರಮವಾಗಿ ಹುಟ್ಟಿದ 'ಆಂಪಾತ್' ಇದಕ್ಕೊಂದು ದಾರಿ ಹುಡುಕಿತು. ಸರ್ಕಾರಿ ಔಷಧಾಲಯದ ಪಕ್ಕದಲ್ಲೇ ಇನ್ನೊಂದು ಔಷಧಾಲಯ. ಸರ್ಕಾರಿ ದಾಸ್ತಾನು ಮುಗಿದಾಗ ಅಲ್ಲಿ ಸಣ್ಣ ಬೆಲೆಗೆ ಮಾತ್ರೆ. ಬಂದ ದುಡ್ಡಿನಿಂದಲೇ ಮತ್ತೆ ಖರೀದಿ. ಉಚಿತವಲ್ಲ, ಆದರೆ ಕಿಟಕಿಗೆ ಬಂದವರು ಬರಿಗೈಯಲ್ಲಿ ಹೋಗುವುದು ತಪ್ಪುತ್ತದೆ.

ಇನ್ನೊಂದು ತೊಡಕು ತಿಂಗಳ ಲೆಕ್ಕದ್ದು. ವೈರಸ್ ಹತೋಟಿಯಲ್ಲಿರುವವರಿಗೆ ಮೂರು, ಕೆಲವು ದೇಶಗಳಲ್ಲಿ ಆರು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಡುತ್ತಾರೆ. ಅದೇ ವ್ಯಕ್ತಿಗೆ ಬಿ.ಪಿ. ಮಾತ್ರೆ ಒಂದು ತಿಂಗಳಿಗಷ್ಟೇ. ವರ್ಷಕ್ಕೆ ಎರಡು ಸಲ ಬಂದುಹೋಗುತ್ತಿದ್ದಾಕೆ ಈಗ ಹನ್ನೆರಡು ಸಲ ಬರಬೇಕು. ಕ್ಲಿನಿಕ್ ಕೂಡಿದೆ ಎಂದು ವರದಿಯಲ್ಲಿ ಬರೆಯುತ್ತಾರೆ, ಆಕೆಯ ಕಾಲು ಮಾತ್ರ ಸವೆಯುತ್ತದೆ.

ತಪ್ಪು ಕಲ್ಪನೆ: ಕೂಡಿಸುವುದೆಂದರೆ ಎಚ್‌ಐವಿ ಕ್ಲಿನಿಕ್ ಮುಚ್ಚುವುದು

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಈ ಪ್ರಶ್ನೆ ದಿಢೀರನೆ ಮೇಲೆ ಬಂತು. ಫೆಬ್ರವರಿಯಲ್ಲಿ ಉಗಾಂಡದ ಆರೋಗ್ಯ ಸಚಿವಾಲಯ, ಪ್ರತ್ಯೇಕ ಎಚ್‌ಐವಿ ಮತ್ತು ಕ್ಷಯ ಕ್ಲಿನಿಕ್‌ಗಳ ಸೇವೆಯನ್ನು ಆಸ್ಪತ್ರೆಗಳ ಹೊರರೋಗಿ ವಿಭಾಗ ಮತ್ತು ದೀರ್ಘಕಾಲದ ಕಾಯಿಲೆಗಳ ಕ್ಲಿನಿಕ್‌ಗೆ ಸೇರಿಸಬೇಕೆಂದು ಸೂಚಿಸಿತು. ಪ್ರಯೋಗಗಳು ವರ್ಷಗಟ್ಟಲೆ ಮೆಲ್ಲಗೆ ಮಾಡಿ ನೋಡಿದ್ದನ್ನು ಹಣದ ಬರ ಒಂದೇ ಪತ್ರದಲ್ಲಿ ಮಾಡಿಸಿತು.

ಇವೆರಡೂ ಒಂದೇ ಅಲ್ಲ. ಎಚ್‌ಐವಿ ಕ್ಲಿನಿಕ್‌ನ ಶಿಸ್ತಿಗೆ ಬಿ.ಪಿ.ಯನ್ನು ತರುವುದು ಒಂದು. ಬಿ.ಪಿ. ವಿಭಾಗದ ಅಶಿಸ್ತಿಗೆ ಎಚ್‌ಐವಿಯನ್ನು ಒಯ್ಯುವುದು ಇನ್ನೊಂದು. ಮೊದಲನೆಯದರಲ್ಲಿ ಕಾರ್ಡು, ರಿಜಿಸ್ಟರು, ಬಾರದವರ ಮನೆಗೆ ಹೋಗುವ ಕಾರ್ಯಕರ್ತೆ ಎಲ್ಲವೂ ಉಳಿಯುತ್ತವೆ, ಅವುಗಳ ಕೆಲಸ ಇನ್ನೂ ಕೆಲವು ಕಾಯಿಲೆಗಳಿಗೆ ಹಬ್ಬುತ್ತದೆ. ಎರಡನೆಯದರಲ್ಲಿ ಮೊದಲು ಕೆಲಸ ಕಳೆದುಕೊಳ್ಳುವವರೇ ಆ ಕಾರ್ಯಕರ್ತೆಯರು. ಇಂಟೆ-ಆಫ್ರಿಕಾದ ಶೇ. 97ನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವವರನ್ನು ಕಂಡರೆ ನನಗೆ ಅನುಮಾನ ಬರುತ್ತದೆ.

ತಪ್ಪು ಕಲ್ಪನೆ: ಇದು ಆಫ್ರಿಕಾದ ಮಾತು, ನಮಗಲ್ಲ

ಭಾರತದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಕರ್ನಾಟಕ ಮೊದಲಿನಿಂದಲೂ ಹೆಚ್ಚು ಸೋಂಕಿನ ರಾಜ್ಯಗಳ ಸಾಲಿನಲ್ಲಿದೆ, ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಎಆರ್‌ಟಿ ಸೆಂಟರ್‌ಗೆ ಹೋಗುವವರ ಕೈಯಲ್ಲಿ ಒಂದು ಹಸಿರು ಪುಸ್ತಕವಿರುತ್ತದೆ, ಸೆಂಟರ್‌ನಲ್ಲಿ ಅವರ ಬಿಳಿ ಕಾರ್ಡು. ಬಿ.ಪಿ., ಶುಗರ್‌ಗೆ ಸಾಂಕ್ರಾಮಿಕವಲ್ಲದ ಕಾಯಿಲೆಗಳ (ಎನ್‌ಸಿಡಿ) ಕ್ಲಿನಿಕ್, ಅಲ್ಲಿನ ಚೀಟಿಯೇ ಬೇರೆ. ಎಆರ್‌ಟಿಯಲ್ಲಿರುವವರಿಗೆ ಬಿ.ಪಿ., ಶುಗರ್ ತಪಾಸಣೆ ಆಗಬೇಕೆಂದು 2021ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ಎರಡು ಕೋಣೆಗಳ ನಡುವೆ ಕಾಗದ ಹೊತ್ತು ಓಡಾಡುವುದು ರೋಗಿಯೇ. ಎಷ್ಟೋ ಜನ ಒಂದು ಕೋಣೆಯ ವಿಷಯವನ್ನು ಇನ್ನೊಂದು ಕೋಣೆಯಲ್ಲಿ ಬಾಯಿ ಬಿಡುವುದಿಲ್ಲ. ಒಪ್ಪಿಗೆಯಿಲ್ಲದೆ ಯಾರ ಎಚ್‌ಐವಿ ಸ್ಥಿತಿಯನ್ನೂ ಹೊರಗೆಡಹುವಂತಿಲ್ಲ ಎಂಬ ಕಾನೂನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದರೂ ಅಳುಕು ಕಾನೂನಿನಿಂದ ಹೋಗುವಂಥದ್ದಲ್ಲ.

ಈ ಮೌನಕ್ಕೆ ವೈದ್ಯಕೀಯವಾಗಿ ಬೆಲೆ ತೆರಬೇಕಾಗುತ್ತದೆ. ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರ ರಕ್ತದಲ್ಲಿ ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್‌ನ ಪ್ರಮಾಣ ಏರುತ್ತದೆ. ಹಾಗಾಗಿ ಅವರಿಗೆ ದಿನಕ್ಕೆ 1,000 ಮಿಲಿಗ್ರಾಂ ದಾಟಿಸುವುದಿಲ್ಲ. ವಿಷಯ ಗೊತ್ತಿಲ್ಲದ ವೈದ್ಯರು ಸಲೀಸಾಗಿ 2,000ಕ್ಕೆ ಏರಿಸಿಬಿಡಬಹುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಸಿಡಿಟಿಯ ಆಂಟಾಸಿಡ್ ಸಿರಪ್ ಇವು ಜೊತೆಗೂಡಿದರೆ ಡೊಲುಟೆಗ್ರಾವಿರ್ ಸರಿಯಾಗಿ ರಕ್ತಕ್ಕೆ ಸೇರದು. ಅದನ್ನು ಇವುಗಳಿಗಿಂತ ಎರಡು ತಾಸು ಮೊದಲು ಇಲ್ಲವೇ ಆರು ತಾಸು ನಂತರ ನುಂಗಬೇಕು. ಎರಡನೇ ಹಂತದ ಅಟಜಾನಾವಿರ್-ರಿಟೊನಾವಿರ್‌ನಲ್ಲಿರುವವರಿಗೆ ಕೊಲೆಸ್ಟ್ರಾಲ್ ಮಾತ್ರೆಯಾದ ಸಿಂವಾಸ್ಟಾಟಿನ್ ಕೊಡಲೇಬಾರದು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಕೂಡ ಎಚ್‌ಐವಿ ಇರುವವರಲ್ಲಿ, ಅದರಲ್ಲೂ ಜಿಡೊವುಡಿನ್ ಎಂಬ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಅಂಥವರಿಗೆ ಬರಿಹೊಟ್ಟೆಯ ರಕ್ತಪರೀಕ್ಷೆಯನ್ನೇ ನೆಚ್ಚುವುದು ಮೇಲು.

ಶುಗರ್ ವೈದ್ಯರ ಮುಂದೆ ಎಚ್‌ಐವಿ ಎಂದು ಹೇಳಲು ಬಾಯಿ ಬಾರದವರು ಉಲ್ಟಾ ಮಾಡಬಹುದು. ಬಿ.ಪಿ., ಶುಗರ್‌ನ ಚೀಟಿ, ಮಾತ್ರೆಯ ಖಾಲಿ ಸ್ಟ್ರಿಪ್‌ಗಳು, ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಟಾನಿಕ್ಕು, ನಾಟಿ ಔಷಧಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಎಆರ್‌ಟಿ ಸೆಂಟರ್‌ನ ಮೇಜಿನ ಮೇಲೆ ಸುರಿಯಬಹುದು. ಅಲ್ಲಿ ಮುಚ್ಚಿಡಬೇಕಾದದ್ದು ಏನೂ ಇಲ್ಲ. ಯಾವುದು ಯಾವುದರ ಜೊತೆ ಹೊಂದುತ್ತದೆ ಎಂದು ಅವರು ನೋಡಿ, ಹಸಿರು ಪುಸ್ತಕದಲ್ಲೇ ಬರೆದುಕೊಡಲಿ.